ಮ್ಯಾಸಚೂಸೆಟ್ಸಿನಲ್ಲಿ ಯುವಾಪರಾಧಿಗಳ ಸುಧಾರಣೆ: ಜಾಮೀನಿನಿಂದ ಮನಶ್ಚಿಕಿತ್ಸೆಯವರೆಗೆ

ಕ್ರಿ.ಶ. 1841ರ ಆಗಸ್ಟ್ ತಿಂಗಳಲ್ಲಿ ಒಂದು ದಿನ ಅಮೆರಿಕೆಯ ಬೋಸ್ಟನ್ ನಗರದ ಪೊಲೀಸ್ ನ್ಯಾಯಾಲಯಕ್ಕೆ ಹರಕು ಬಟ್ಟೆಯ ದೀನ ಮನುಷ್ಯನೊಬ್ಬನನ್ನು ತಂದು ನಿಲ್ಲಿಸಿದರು. ಕುಡಿತವೇ ಅವನ ಅಪರಾಧ. ಶಿಕ್ಷೆ ಯಾವುದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಅಂಥವರೆಲ್ಲ ಹೋಗುತ್ತಿದ್ದ ಸೆರೆಮನೆಗೆ ಅವನೂ ಹೋಗತಕ್ಕವನೇ. ಆದರೆ ಆ ದಿನ ನ್ಯಾಯಾಲಯದಲ್ಲಿದ್ದ ಜಾನ್ ಆಗಸ್ಟಸ್ ಎಂಬ ಗೃಹಸ್ಥನು ಅವನೊಡನೆ ಕೆಲವು ಮಾತನಾಡಿ, ನ್ಯಾಯಾಧೀಶನ ಅನುಮತಿ ಪಡೆದು, ಅವನಿಗೆ ಜಾಮೀನಾಗಿ ನಿಂತನು. ಮೂರು ವಾರಗಳ ತರುವಾಯ ಮರಳಿ ಹಾಜರಾಗಬೇಕೆಂಬುದು ಕರಾರು. ಮದ್ಯವನ್ನು ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಗೆ ಸಹಿ ಹಾಕಿ ಹೊರಗೆ ಹೋದವನು ಮೂರು ವಾರಗಳಾದ ಮೇಲೆ ಬಂದಾಗ, ಅವನು ಅದೇ ಮನುಷ್ಯನೆಂದು ನ್ಯಾಯಾಲಯದ ಸಿಬ್ಬಂದಿಗೇ ನಂಬುಗೆಯಾಗಲಿಲ್ಲವಂತೆ. ನ್ಯಾಯಾಧೀಶನು ಸೆರೆಯ ಬದಲು 1 ಸೆಂಟ್ ದಂಡ ಹಾಕಿದನು. ನ್ಯಾಯಾಲಯದ ಖರ್ಚು ಮಾತ್ರ 3 ಡಾಲರ್ 76 ಸೆಂಟ್ ಆಯಿತು; ದಂಡಕ್ಕಿಂತ ಖರ್ಚು ದೊಡ್ಡದಾಗುವುದು ಎಲ್ಲ ದೇಶದ ಕಚೇರಿಗಳಿಗೂ ಸಾಮಾನ್ಯವೆಂದು ತೋರುತ್ತದೆ.

ಅಪರಾಧಿಯನ್ನು ಅವನ ಊರು, ಮನೆ, ಕಸುಬುಗಳ ನಡುವೆಯೇ ಇರಿಸಿಕೊಂಡು ತಿದ್ದುವ ಆಧುನಿಕ ಪದ್ಧತಿಯ ಚರಿತ್ರೆಯನ್ನು ಸಾಮಾನ್ಯವಾಗಿ ಈ ಪ್ರಸಂಗದಿಂದ ಆರಂಭಿಸುತ್ತಾರೆ. ಅದೇ ವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಡೆವನ್‌ಪೋರ್ಟ್ ಹಿಲ್ ಎಂಬ ನ್ಯಾಯಾಧಿಕಾರಿಯೂ ಎಳೆಯ ಅಪರಾಧಿಗಳನ್ನು ತಂದೆತಾಯಿಯರ ಅಥವಾ ಕೆಲಸ ಕೊಟ್ಟ ಯಜಮಾನರ ವಶಕ್ಕೆ ಒಪ್ಪಿಸುತ್ತಿದ್ದನು. ಆದುದರಿಂದ ಕೀರ್ತಿಯೆಲ್ಲ ಬೋಸ್ಟನ್ನಿನದೇ ಎನ್ನುವಂತಿಲ್ಲ. ಆದರೆ ಮ್ಯಾಸಚೂಸೆಟ್ಸ್ ಸಂಸ್ಥಾನಕ್ಕೆ ಒಂದು ವಿಶೇಷವಿದೆ. ಈ ಪದ್ಧತಿಯ ಹುಟ್ಟು, ಅದರ ಕಾನೂನು, ಅದರ ಘೋರವಾದ ಒಂದು ಸೋಲು, ಆ ಸೋಲಿನ ಪ್ರಾಮಾಣಿಕವಾದ ಲೆಕ್ಕ, ಇವೆಲ್ಲವೂ ಆ ಒಂದೇ ಸಂಸ್ಥಾನದಲ್ಲಿ, ಬಹುಮಟ್ಟಿಗೆ ಒಂದೇ ನಗರದ ಸುತ್ತಿನಲ್ಲಿ, ನಡೆದುವು.

ಆಗಸ್ಟಸನು ವೃತ್ತಿಯಿಂದ ಬೂಟು ತಯಾರಿಸುವವನು. ವಿದ್ವಾಂಸನಲ್ಲ, ವಕೀಲನಲ್ಲ, ಪಾದ್ರಿಯೂ ಅಲ್ಲ. ಪಾನನಿರೋಧ ಸಂಘವೊಂದರ ಸದಸ್ಯನಾಗಿದ್ದನು. ಮೊದಲು ಕುಡುಕರಿಗಾಗಿ ಆರಂಭಿಸಿದ ಕೆಲಸವನ್ನು ಆತನು 1843ರಿಂದ ಮಕ್ಕಳಿಗೂ ವಿಸ್ತರಿಸಿದನು. 1847ರಲ್ಲಿ 7ರಿಂದ 15 ವರ್ಷದೊಳಗಿನ 19 ಹುಡುಗರಿಗೆ ಜಾಮೀನಾದನು. ಅವರ ಮೊಕದ್ದಮೆಗಳನ್ನು ತಿಂಗಳಿಂದ ತಿಂಗಳಿಗೆ ಮುಂದಕ್ಕೆ ಹಾಕುತ್ತ ಬರುವುದೆಂದೂ, ಪ್ರತಿ ತಿಂಗಳೂ ತಾನು ಹಾಜರಾಗಿ ಅವರ ನಡತೆಯ ವರದಿ ಒಪ್ಪಿಸುವುದೆಂದೂ ನ್ಯಾಯಾಲಯದೊಡನೆ ಒಡಂಬಡಿಕೆ ಮಾಡಿಕೊಂಡನು. ಐದಾರು ತಿಂಗಳಾದ ಮೇಲೆ ಅವರಲ್ಲಿ 12 ಹುಡುಗರನ್ನು ಒಟ್ಟಿಗೆ ತಂದು ನಿಲ್ಲಿಸಿದಾಗ, ಕಾನೂನಿನ ಉದ್ದೇಶ ಈಡೇರಿತೆಂದು ನ್ಯಾಯಾಧೀಶನು ಸಂತೋಷಪಟ್ಟನೆಂದು ಆತನೇ 1852ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ ಬರೆದಿದ್ದಾನೆ. ಸುಮ್ಮನೆ ಬಿಡಿಸಿಕೊಂಡು ಬಂದು ಕೈತೊಳೆದುಕೊಳ್ಳುವವನು ಆತನಲ್ಲ. ನೆಲೆಯಿಲ್ಲದವರನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡನು, ಕೆಲಸ ಹುಡುಕಿಕೊಟ್ಟನು, ಯಾರಿಗೆ ಜಾಮೀನಾಗಬಹುದು, ಯಾರಿಗೆ ಆಗಬಾರದು ಎಂಬುದನ್ನು ಅವರ ಹಿಂದಿನ ನಡತೆ, ವಯಸ್ಸು, ಮುಂದೆ ಅವರು ಸೇರಲಿರುವ ಜನ ಇವನ್ನು ವಿಚಾರಿಸಿ ನಿರ್ಧರಿಸಿದನು. ಸಾಲ ಕೊಡುವ ಮುನ್ನ ಸಾಹುಕಾರನು ಮಾಡುವ ವಿಚಾರಣೆಗೂ ಇದಕ್ಕೂ ಬಹಳ ಅಂತರವಿಲ್ಲ.

ಆತನ ಲೆಕ್ಕದ ಪುಸ್ತಕವೂ ಅಷ್ಟೇ ಖಚಿತವಾದುದು. 1858ರ ವರೆಗೆ 1,152 ಗಂಡಸರಿಗೆ, 794 ಹೆಂಗಸರಿಗೆ, ಅಂದರೆ ಒಟ್ಟು 1,946 ಜನರಿಗೆ ಆತನು ಜಾಮೀನಾಗಿದ್ದನು. ತನ್ನ ಮೇಲೆ ಎಳೆದುಕೊಂಡ ಹೊಣೆಯ ಮೊತ್ತ 2,40,000 ಡಾಲರುಗಳಿಗೂ ಮೀರಿತ್ತು. ಬೂಟಿನ ಅಂಗಡಿಯಿಂದ ಬಂದುದನ್ನೂ, ದಾನಿಗಳು ಕೊಟ್ಟುದನ್ನೂ ಇದಕ್ಕೇ ಸುರಿದನು, ಅಂಗಡಿ ಸೊರಗಿತು. ಆತನನ್ನು ವಿರೋಧಿಸಿದವರು ಕಠಿಣ ಹೃದಯದ ತತ್ತ್ವಜ್ಞಾನಿಗಳೇನೂ ಅಲ್ಲ. ನ್ಯಾಯಾಲಯದ ಸಿಬ್ಬಂದಿಯವರಿಗೆ ಸೆರೆಮನೆಗೆ ಹೋಗುವ ಪ್ರತಿಯೊಬ್ಬನ ಮೇಲೂ ಇಂತಿಷ್ಟೆಂದು ಶುಲ್ಕ ಸಿಗುತ್ತಿತ್ತು. ಆಗಸ್ಟಸನು ಒಬ್ಬನನ್ನು ಬಿಡಿಸಿಕೊಂಡರೆ ಅವರ ಕೈಗೆ ಅಷ್ಟು ನಷ್ಟ. ಸುಧಾರಣೆಯ ಚರಿತ್ರೆಯನ್ನು ಬರೆಯುವವರು ಇಂಥ ಸಣ್ಣ ಕಾಸುಗಳನ್ನು ಕಡೆಗಣಿಸಬಾರದು.

ಆತನು 1859ರಲ್ಲಿ ತೀರಿಕೊಂಡನು. ಒಬ್ಬನ ದಯೆಯಾಗಿದ್ದುದು 1878ರಲ್ಲಿ ಶಾಸನವಾಯಿತು. ಬೋಸ್ಟನ್ ನಗರಕ್ಕೆ ಸಂಬಳದ ಪರಿವೀಕ್ಷಣಾಧಿಕಾರಿಯೊಬ್ಬನನ್ನು ನೇಮಿಸತಕ್ಕದ್ದೆಂದು ಸಂಸ್ಥಾನದ ವಿಧಾನಸಭೆ ವಿಧಿಸಿತು. ಆ ಹುದ್ದೆಯಲ್ಲಿ ಬಹುಕಾಲ ದುಡಿದ ಎಡ್ವರ್ಡ್ ಸ್ಯಾವೇಜನು ಹಿಂದೆ ಅದೇ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದವನು. 1891ರಲ್ಲಿ ಈ ಪದ್ಧತಿ ಸಂಸ್ಥಾನಕ್ಕೆಲ್ಲ ಕಡ್ಡಾಯವಾಯಿತು. ಆಗಸ್ಟಸನು ಬಳಸಿದ ‘ಪ್ರೊಬೇಷನ್’ ಎಂಬ ಶಬ್ದಕ್ಕೆ ಪರೀಕ್ಷೆಯ ಅವಧಿ ಎಂಬುದು ಅರ್ಥ. ನಮ್ಮ ಬ್ಯಾಂಕುಗಳು ಹೊಸ ಅಧಿಕಾರಿಯನ್ನು ಪ್ರೊಬೇಷನರಿ ಎಂದು ಕರೆಯುವುದೂ ಈ ಅರ್ಥದಲ್ಲಿಯೇ. ಭಾರತದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೆಯ ಕಲಮು ಮೊದಲ ಬಾರಿ ತಪ್ಪು ಮಾಡಿದವರನ್ನು ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶ ಕೊಟ್ಟಿತ್ತು. ಆದರೆ ಹೊರಗೆ ಬಂದವನ ಬೆನ್ನಿಗೆ ನಿಲ್ಲಲು ಯಾರನ್ನೂ ನೇಮಿಸಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ 1938ರಲ್ಲಿ, ದೇಶಕ್ಕೆಲ್ಲ 1958ರಲ್ಲಿ ಆದ ಕಾಯಿದೆಗಳು ಆ ಕೊರತೆಯನ್ನು ತುಂಬಹೊರಟುವು. 1958ರ ಕಾಯಿದೆಯ 6ನೆಯ ಕಲಮಿನ ಪ್ರಕಾರ, ಆಜೀವ ಕಾರಾವಾಸಕ್ಕೆ ಗುರಿಯಾಗದ ಅಪರಾಧ ಮಾಡಿದ 21 ವರ್ಷದೊಳಗಿನವರನ್ನು ಸೆರೆಮನೆಗೆ ಕಳುಹಿಸಬೇಕಾದರೆ ನ್ಯಾಯಾಲಯವು ಕಾರಣಗಳನ್ನು ಬರೆದಿಡಬೇಕು. ಆದರೂ ಪರಊರಿಗೆ ಹೊಟ್ಟೆಪಾಡಿಗಾಗಿ ಬಂದ ತರುಣನಿಗೆ ವಿಚಾರಣೆಯ ಕಾಲದಲ್ಲಿ ಜಾಮೀನು ದೊರೆಯಬೇಕಾದರೆ, ಪರಿಚಿತನೊಬ್ಬನು ಮುಂದೆ ಬಂದು ಹೊಣೆ ಹೊರಬೇಕು. ಅಂಥವನು ಸಿಗದೆ ಸೆರೆಯಲ್ಲಿಯೇ ಉಳಿಯುವುದು ಮುಂಬಯಿ, ಪುಣೆ, ಮದರಾಸುಗಳಿಗೆ ಹೋಗಿ ನೆಲಸಿದ ಯಾವ ಭಾಷೆಯವರಿಗೂ ಅಪರಿಚಿತವಾದ ಸಂಗತಿಯಲ್ಲ.

ಆಗಸ್ಟಸನ ದಾರಿಗೆ ಪ್ರತಿಯಾದ ಇನ್ನೊಂದು ದಾರಿಯೂ ಅದೇ ಮಣ್ಣಿನಲ್ಲಿ ಹುಟ್ಟಿತು. ತಪ್ಪು ಮಾಡಿದ ಹುಡುಗರನ್ನು ನಗರದಿಂದ ದೂರ ಒಯ್ದು, ಒಂದೆಡೆ ಕೂಡಿಹಾಕಿ, ಶಿಸ್ತು, ಕಸುಬು ಕಲಿಸುವ ದಾರಿಯಿದು. 1848ರಲ್ಲಿ ವೆಸ್ಟ್‌ಬರೋ ಎಂಬಲ್ಲಿ ಹುಡುಗರ ಸುಧಾರಣಾ ಶಾಲೆ, 1884ರಲ್ಲಿ ಕಾಂಕರ್ಡಿನಲ್ಲಿ ತರುಣರ ಸುಧಾರಣಾಗೃಹ ಸ್ಥಾಪನೆಯಾದುವು. ಇಂಗ್ಲೆಂಡಿನ ಕಾರಾಗೃಹಗಳ ಮುಖ್ಯಸ್ಥನಾದ ಸರ್ ಇವೆಲಿನ್ ರಗಲ್ಸ್-ಬ್ರೈಸ್ 1897ರಲ್ಲಿ ಅಮೆರಿಕೆಗೆ ಹೋಗಿ ಎಲ್ಮೈರಾ, ಕಾಂಕರ್ಡುಗಳನ್ನು ನೋಡಿಬಂದು, ಕೆಂಟ್ ಪ್ರಾಂತದ ಬಾರ್ಸ್ಟಲ್ ಎಂಬ ಹಳ್ಳಿಯಲ್ಲಿ ಹೊಸ ಪ್ರಯೋಗ ಆರಂಭಿಸಿದನು. ಆ ಹಳ್ಳಿಯ ಹೆಸರೇ ಪದ್ಧತಿಯ ಹೆಸರಾಗಿ, 1919-20ರ ಭಾರತೀಯ ಕಾರಾಗೃಹ ಸಮಿತಿಯ ವಿಚಾರಣೆಯ ತರುವಾಯ, ನಮ್ಮ ಪ್ರಾಂತಗಳಿಗೂ ಬಂದಿತು. 1929ರ ಮುಂಬಯಿ ಬಾರ್ಸ್ಟಲ್ ಶಾಲೆಗಳ ಕಾಯಿದೆಯ ಮೇರೆಗೆ ಧಾರವಾಡದಲ್ಲಿ ನಡೆದ ಬಾರ್ಸ್ಟಲ್ ಶಾಲೆ ಆ ಊರಿನ ಹಿರಿಯರಿಗೆ ತಿಳಿದ ಹೆಸರು. ಅದರ ವಂಶಾವಳಿಯನ್ನು ಹಿಡಿದು ಹೋದರೆ ಹೀಗೆ ಕೆಂಟಿನ ಮೂಲಕ ಕಾಂಕರ್ಡಿಗೆ ಮುಟ್ಟುತ್ತೇವೆ.

ಕಾಂಕರ್ಡಿನಿಂದ ಹೊರಬಿದ್ದವರು ಮುಂದೆ ಏನಾದರು? ಈ ಪ್ರಶ್ನೆಯನ್ನು ಹಾರ್ವರ್ಡಿನ ದಂಪತಿಗಳಾದ ಷೆಲ್ಡನ್ ಮತ್ತು ಎಲಿನಾರ್ ಗ್ಲೂಕ್ ಕೇಳಿದರು. ಅಲ್ಲಿ ಶಿಕ್ಷೆಯ ಅವಧಿ ಮುಗಿಸಿದ 510 ಜನರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, 1930ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಉತ್ತರ ನಿರಾಶಾದಾಯಕವಾಗಿತ್ತು. ಸುಮಾರು ಐವರಲ್ಲಿ ನಾಲ್ವರು ಐದು ವರ್ಷಗಳೊಳಗೆ ಮತ್ತೆ ಅಪರಾಧದ ದಾರಿ ಹಿಡಿದಿದ್ದರು. ಬಾರ್ಸ್ಟಲ್ ಕಾಯಿದೆಯನ್ನು ಮುಂಬಯಿ ಅಂಗೀಕರಿಸಿದ ಮರುವರ್ಷವೇ ಅದರ ಪೂರ್ವಜನ ಲೆಕ್ಕ ಹೀಗೆ ಬಯಲಾದುದು ಚರಿತ್ರೆಯ ಒಂದು ವಿನೋದ.

ಆದರೆ ಸೆರೆಯ ಹೊರಗಿನ ದಾರಿಯ ಲೆಕ್ಕವೂ ಉಜ್ಜ್ವಲವಾಗಿರಲಿಲ್ಲ. ಬೋಸ್ಟನ್ನಿನ ಬಾಲನ್ಯಾಯಾಲಯದ ಮೊದಲ ನ್ಯಾಯಾಧೀಶ ಹಾರ್ವಿ ಬೇಕರನ ಸ್ಮರಣಾರ್ಥ 1917ರಲ್ಲಿ ಒಂದು ಚಿಕಿತ್ಸಾಲಯ ಆರಂಭವಾಗಿತ್ತು. ಷಿಕಾಗೋದಲ್ಲಿ 1909ರಿಂದ ಬಾಲಾಪರಾಧಿಗಳ ಮನಸ್ಸನ್ನು ಪರೀಕ್ಷಿಸುತ್ತಿದ್ದ ವೈದ್ಯ ವಿಲಿಯಂ ಹೀಲಿ, ಮನೋವಿಜ್ಞಾನಿ ಆಗಸ್ಟಾ ಬ್ರಾನರ್ ಇಬ್ಬರೂ ಇದರ ನಿರ್ದೇಶಕರಾಗಿ ಬಂದರು. ಅಪರಾಧಿ ತರುಣನೊಡನೆ ಮನೋವೈದ್ಯನು ಕುಳಿತು ಮಾತನಾಡುವ ಕ್ರಮಕ್ಕೆ ಅಲ್ಲಿ ನೆಲೆ ದೊರೆಯಿತು. ಬಾಲನ್ಯಾಯಾಲಯದಿಂದ ಈ ಚಿಕಿತ್ಸಾಲಯಕ್ಕೆ ಬಂದುಹೋದ ಸಾವಿರ ಹುಡುಗರನ್ನು ಅದೇ ಗ್ಲೂಕ್ ದಂಪತಿಗಳು ಹಿಂಬಾಲಿಸಿದರು. ಐದು ವರ್ಷಗಳಲ್ಲಿ ಶೇಕಡಾ 88 ಮಂದಿ ಮತ್ತೆ ತಪ್ಪು ಮಾಡಿದ್ದರೆಂದು 1934ರಲ್ಲಿ ಅವರು ಬರೆದಾಗ ಬೋಸ್ಟನ್ನಿನ ಸಜ್ಜನರೆಲ್ಲ ಬೆಚ್ಚಿದರು.

ಬೆಚ್ಚಿದವರಲ್ಲಿ ಒಬ್ಬನು ರಿಚರ್ಡ್ ಕ್ಲಾರ್ಕ್ ಕ್ಯಾಬಟ್. ಆಸ್ಪತ್ರೆಯಲ್ಲಿ ರೋಗಿಯ ಮನೆವಾರ್ತೆಯನ್ನೂ ವಿಚಾರಿಸಬೇಕೆಂದು 1905ರಲ್ಲಿಯೇ ಸಮಾಜಕಾರ್ಯಕರ್ತೆಯನ್ನು ನೇಮಿಸಿಕೊಂಡ ವೈದ್ಯನೀತ. ಚಿಕಿತ್ಸೆ ತಡವಾಗಿ ಬಂದುದೇ ದೋಷವಿರಬೇಕು. ಹುಡುಗನು ಹತ್ತು ಹನ್ನೊಂದು ವರ್ಷದವನಾಗಿರುವಾಗಲೇ ಸ್ನೇಹಿತನೊಬ್ಬನು ಅವನ ಬೆನ್ನಿಗೆ ನಿಂತರೆ ಅವನು ಕೆಡಲಾರನು ಎಂದು ಈತನು ನಂಬಿದನು. ನಂಬಿಕೆಯನ್ನು ನಂಬಿಕೆಯಾಗಿಯೇ ಬಿಡದೆ ಪರೀಕ್ಷೆಗೆ ಒಡ್ಡಿದುದು ಈತನ ಹಿರಿಮೆ. ಬೋಸ್ಟನ್ನಿಗೆ ಹೊಂದಿಕೊಂಡ ಕೇಂಬ್ರಿಜ್, ಸೋಮರ್‌ವಿಲ್ ಎಂಬೆರಡು ಊರುಗಳ ಬಡ ಕೇರಿಗಳಿಂದ 506 ಹುಡುಗರನ್ನು ಆರಿಸಿ, ವಯಸ್ಸು, ಮನೆತನ, ಸ್ವಭಾವ ನೋಡಿ ಜೊತೆಜೊತೆಯಾಗಿ ಹೊಂದಿಸಿದರು. ಪ್ರತಿ ಜೊತೆಯಲ್ಲಿ ಯಾರಿಗೆ ನೆರವು, ಯಾರಿಗೆ ಇಲ್ಲ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದರು. ನೆರವು ಪಡೆದವರ ಮನೆಗೆ ಸಲಹೆಗಾರನು ತಿಂಗಳಿಗೆ ಸರಾಸರಿ ಎರಡು ಸಲ ಹೋಗುತ್ತಿದ್ದನು. ಪಾಠ ಹೇಳಿಸಿದರು, ವೈದ್ಯರನ್ನು, ಮನೋವೈದ್ಯರನ್ನು ತೋರಿಸಿದರು, ಬೇಸಿಗೆಯಲ್ಲಿ ಶಿಬಿರಗಳಿಗೆ ಕಳುಹಿಸಿದರು. ಕೆಲಸ 1939ರಿಂದ 1945ರ ವರೆಗೆ ನಡೆಯಿತು. ಆರಂಭವಾದ ವರ್ಷವೇ ಕ್ಯಾಬಟ್ ತೀರಿಕೊಂಡುದರಿಂದ ಫಲವನ್ನು ನೋಡಲು ಅವನಿರಲಿಲ್ಲ.

ಮೂವತ್ತು ವರ್ಷಗಳ ಮೇಲೆ ಜೋನ್ ಮೆಕಾರ್ಡ್ ಎಂಬ ವಿದುಷಿ ಆ ಹುಡುಗರನ್ನು, ಆಗ ನಡುವಯಸ್ಸಿನ ಗಂಡಸರನ್ನು, ಮತ್ತೆ ಹುಡುಕಿಸಿದರು. ನೂರಕ್ಕೆ ತೊಂಬತ್ತೈದಕ್ಕೂ ಮಿಗಿಲಾಗಿ ಸುಳಿವು ಸಿಕ್ಕಿತು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಆ ಸಲಹೆಗಾರರಿಂದ ತಮಗೆ ಒಳ್ಳೆಯದಾಯಿತೆಂದು ಕೃತಜ್ಞತೆಯಿಂದ ನೆನೆದರು. ಆದರೆ ನ್ಯಾಯಾಲಯ, ಆಸ್ಪತ್ರೆ, ಮರಣದ ದಾಖಲೆಗಳು ಬೇರೆಯೇ ಮಾತು ಹೇಳಿದುವು. ಅಪರಾಧಕ್ಕೆ ಇಳಿದವರ ಸಂಖ್ಯೆ ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಒಮ್ಮೆ ತಪ್ಪಿದವರಲ್ಲಿ ಎರಡನೆಯ ಸಲವೂ ತಪ್ಪಿದವರು, ಕುಡಿತಕ್ಕೆ ಬಿದ್ದವರು, ಗುರುತರ ಮನೋರೋಗಕ್ಕೆ ತುತ್ತಾದವರು, ಬೇಗ ಸತ್ತವರು ನೆರವು ಪಡೆದ ಗುಂಪಿನಲ್ಲಿಯೇ ಹೆಚ್ಚು. 1978ರಲ್ಲಿ ಪ್ರಕಟವಾದ ಈ ವರದಿ ಸಮಾಜಸೇವೆಯ ಸಾಹಿತ್ಯದಲ್ಲಿ ಅಪೂರ್ವವಾದುದು. ಹಾನಿಯಾಗಿದೆಯೆಂದು ಉಪಕಾರ ಮಾಡಿದವರ ಪುಸ್ತಕದಿಂದಲೇ ತೋರಿಸಿಕೊಡುವ ಧೈರ್ಯ ಸುಲಭವಾಗಿ ಬರತಕ್ಕದ್ದಲ್ಲ. ನಾಣ್ಯ ಚಿಮ್ಮಿ ಮತ್ತೊಂದು ಗುಂಪನ್ನು ಬಿಟ್ಟಿರದಿದ್ದರೆ, ಆ ಮೂರರಲ್ಲಿ ಎರಡು ಪಾಲು ಜನರ ಕೃತಜ್ಞತೆಯನ್ನೇ ಜಯವೆಂದು ಎಲ್ಲರೂ ನಂಬಿಬಿಡುತ್ತಿದ್ದರು.

ಕಾರಣವೇನೆಂದು ಹುಡುಕಿದಾಗ ಒಂದು ಸಂಗತಿ ಎದ್ದುಕಂಡಿತು. ಹಾನಿಯು ಮುಖ್ಯವಾಗಿ ಬೇಸಿಗೆ ಶಿಬಿರಗಳಿಗೆ ಎರಡು ಸಲ ಅಥವಾ ಹೆಚ್ಚು ಸಲ ಹೋದ ಹುಡುಗರಲ್ಲಿತ್ತು. ಅಂಥ ಹುಡುಗರನ್ನು ಒಂದೆಡೆ ಸೇರಿಸಿದರೆ ಮೇಲ್ವಿಚಾರಕನ ಉಪದೇಶಕ್ಕಿಂತ ಜೊತೆಯವರ ನಗೆಯೇ ಬಲವಾಗುತ್ತದೆ. ಕಿಡಿಗೇಡಿತನದ ಕಥೆ ಹೇಳಿದವನಿಗೆ ಗೌರವ ಸಿಗುತ್ತದೆ. 1999ರಲ್ಲಿ ಮೆಕಾರ್ಡ್ ಅವರೂ ಟಾಮಸ್ ಡಿಷನ್ ಮೊದಲಾದವರೂ ಸೇರಿ ಇದನ್ನು ವಿವರಿಸಿದರು. ವೆಸ್ಟ್‌ಬರೋ, ಕಾಂಕರ್ಡ್, ಬಾರ್ಸ್ಟಲ್, ಧಾರವಾಡಗಳ ಎತ್ತರದ ಗೋಡೆಗಳ ಒಳಗೆ ನಡೆದುದೇ ತೆರೆದ ಬಯಲಿನ ಶಿಬಿರದಲ್ಲಿಯೂ ಸಣ್ಣ ಪ್ರಮಾಣದಲ್ಲಿ ನಡೆದಿತ್ತು ಎಂದು ತಾತ್ಪರ್ಯ.

ಅಷ್ಟರಲ್ಲಿ ಅಮೆರಿಕೆಯಲ್ಲಿ ಹವೆ ಬದಲಾಗಿತ್ತು. ಯಾವ ಸುಧಾರಣೆಯೂ ಫಲಿಸದೆಂಬ ಅರ್ಥ ಬರುವಂತೆ ರಾಬರ್ಟ್ ಮಾರ್ಟಿನ್ಸನ್ 1974ರಲ್ಲಿ ಬರೆದ ಲೇಖನ ರಾಜಕಾರಣಿಗಳ ಕೈಗೆ ಒಳ್ಳೆಯ ಆಯುಧವಾಯಿತು. 1979ರಲ್ಲಿ ಆತನೇ ಆ ಮಾತನ್ನು ತಿದ್ದಿಕೊಂಡುದನ್ನು ಬಹಳ ಜನ ಓದಲಿಲ್ಲ. ಮ್ಯಾಸಚೂಸೆಟ್ಸಿನಲ್ಲಿ ಜೆರೋಮ್ ಮಿಲ್ಲರ್ ಎಂಬ ಅಧಿಕಾರಿ 1970-72ರ ಅವಧಿಯಲ್ಲಿ ಹುಡುಗರ ಸುಧಾರಣಾ ಶಾಲೆಗಳನ್ನು ಒಂದರ ಮೇಲೊಂದರಂತೆ ಮುಚ್ಚಿಸಿದನು. ವೆಸ್ಟ್‌ಬರೋದ ಹಳೆಯ ಶಾಲೆಗೂ ಬೀಗ ಬಿದ್ದಿತು. ಹೊರಗೆ ಬಂದವರಿಗೆ ಏನು ಮಾಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಉತ್ತರದ ಒಂದು ಪಾಲು ಹಾರ್ವರ್ಡ್ ಕಾನೂನು ಕಾಲೇಜಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿತ್ತು. ಗ್ಲೂಕ್ ದಂಪತಿಗಳು 1950ರಲ್ಲಿ ಮತ್ತೊಂದು ಗ್ರಂಥ ಪ್ರಕಟಿಸಿದ್ದರು. ಬೋಸ್ಟನ್ನಿನ 500 ಅಪರಾಧಿ ಹುಡುಗರು, 500 ನಿರಪರಾಧಿ ಹುಡುಗರ ಜೀವನವೃತ್ತಾಂತಗಳು ಅದರ ಆಧಾರ. ಮೂಲ ಕಾಗದಗಳನ್ನು 1980ರ ದಶಕದಲ್ಲಿ ಜಾನ್ ಲಾಬ್ ಕಂಡುಹಿಡಿದರು. ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಆ ಅಪರಾಧಿ ಹುಡುಗರನ್ನು ಅವರ ಎಪ್ಪತ್ತರ ವಯಸ್ಸಿನವರೆಗೂ ಹಿಂಬಾಲಿಸಿ, 52 ಜನ ವೃದ್ಧರನ್ನು ಮುಖತಃ ಕಂಡು ಮಾತನಾಡಿಸಿದರು. ಬಾಲ್ಯದಲ್ಲಿ ಒಂದೇ ತರಹ ಕೆಟ್ಟವರು ಮುಂದೆ ಒಂದೇ ತರಹ ಬಾಳಲಿಲ್ಲ. ಸ್ಥಿರವಾದ ಉದ್ಯೋಗ, ಒಳ್ಳೆಯ ದಾಂಪತ್ಯ, ಸೈನ್ಯದ ಸೇವೆ ಇವುಗಳಲ್ಲಿ ಯಾವುದಾದರೊಂದು ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಕೈಹಿಡಿದವರು ಹಳೆಯ ದಾರಿಯನ್ನು ಬಿಟ್ಟಿದ್ದರು. ಅಪರಾಧವು ಇಪ್ಪತ್ತೈದರ ಸುಮಾರಿಗೆ ತುದಿ ಮುಟ್ಟಿ ಇಳಿಯುತ್ತದೆಂದು ಬೆಲ್ಜಿಯಮ್ಮಿನ ಗಣಿತಜ್ಞ ಕೆಟ್ಲೆ 1831ರಲ್ಲಿಯೇ ಹೇಳಿದ್ದನು. ಇಳಿಯುವುದು ತಾನಾಗಿಯಲ್ಲ, ಯಾರೋ ಒಬ್ಬರು ಅವನನ್ನು ನೆಚ್ಚಿಕೊಂಡಾಗ, ಎಂಬುದನ್ನು ಈ ಕಾಗದಗಳು ತೋರಿಸಿದುವು.

ಹದಿನೆಂಟು ತುಂಬಿದೊಡನೆ ಪೂರ್ಣ ಪುರುಷನೆಂದು ಕಾನೂನು ಭಾವಿಸುವ ತರುಣನ ವಿವೇಚನೆಯೂ ಆತ್ಮನಿಗ್ರಹವೂ ಇಪ್ಪತ್ತರ ನಡುವಿನವರೆಗೂ ಬಲಿಯುತ್ತಲೇ ಇರುತ್ತವೆಂದು ಮಿದುಳಿನ ವಿಜ್ಞಾನವೂ ಈಗ ಹೇಳುತ್ತದೆ. 17ರಿಂದ 25ರ ವಯಸ್ಸಿನವರಿಗೆಂದೇ ಬೇರೆ ಚಿಕಿತ್ಸೆ ಬೇಕೆಂಬ ವಿಚಾರ ಹೀಗೆ ಬೆಳೆಯಿತು. ಸ್ಕಾಟ್ ಹೆಂಗಲರ್ ಮತ್ತು ಸಂಗಡಿಗರು ಬಾಲಾಪರಾಧಿಗಳಿಗಾಗಿ ರೂಪಿಸಿದ ಬಹುವ್ಯವಸ್ಥಾ ಚಿಕಿತ್ಸೆಯಲ್ಲಿ ರೋಗಿಯು ವೈದ್ಯನ ಬಳಿಗೆ ಹೋಗುವುದಿಲ್ಲ. ಚಿಕಿತ್ಸಕನೇ ಮನೆಗೆ ಬರುತ್ತಾನೆ. ಒಬ್ಬ ಚಿಕಿತ್ಸಕನ ಕೈಯಲ್ಲಿ ನಾಲ್ಕಾರು ಮನೆಗಳಷ್ಟೇ ಇರುತ್ತವೆ; ಹಗಲಿರುಳು ಕರೆದಾಗ ಸಿಗಬೇಕು; ತಂದೆತಾಯಿ, ಶಾಲೆ, ಗೆಳೆಯರು, ಕೇರಿ ಎಲ್ಲವನ್ನೂ ಹಿಡಿದು ಕೆಲಸಮಾಡಬೇಕು. ಕೆಟ್ಟ ಗೆಳೆಯರಿಂದ ಬಿಡಿಸುವುದು ಇದರಲ್ಲಿ ಮುಖ್ಯ ಗುರಿ. ಗುಂಪು ಕೂಡಿಸುವ ಮಾತೇ ಇಲ್ಲ. ಮ್ಯಾಸಚೂಸೆಟ್ಸಿನ ವೂಸ್ಟರ್ ನಗರದ ವೈದ್ಯಕೀಯ ವಿದ್ಯಾಲಯದಲ್ಲಿ ಮೇರಿಯಾನ್ ಡೇವಿಸ್ ಅವರು ಆಷ್ಲೀ ಷೈಡೋ ಅವರೊಡಗೂಡಿ ಇದನ್ನು ಮನೋರೋಗದಿಂದಲೂ ನರಳುವ ಯುವಾಪರಾಧಿಗಳಿಗೆ ಹೊಂದಿಸಿದರು. ಹುಡುಗನ ಚಿಕಿತ್ಸೆಯಲ್ಲಿ ತಂದೆತಾಯಿ ಕೈಯಾದರೆ, ಇಲ್ಲಿ ತರುಣನೇ ತನ್ನ ಬದಲಾವಣೆಗೆ ಕೈ. ಅವನ ಜೊತೆಗೆ ಉದ್ಯೋಗ, ಓದು, ಮನೆವಾರ್ತೆ ಕಲಿಸುವ ಒಬ್ಬ ಮಾರ್ಗದರ್ಶಿ.

ಬೋಸ್ಟನ್ನಿನ ಪಕ್ಕದ ಚೆಲ್ಸಿ ಎಂಬ ಬಡ ಪಟ್ಟಣದಲ್ಲಿ 1988ರಲ್ಲಿ ಮಾಲಿ ಬಾಲ್ಡ್‌ವಿನ್ ಸ್ಥಾಪಿಸಿದ ‘ರೋಕಾ’ ಎಂಬ ಸಂಸ್ಥೆ ಇನ್ನೂ ಮುಂದೆ ಹೋಯಿತು. ಇದರ ಕಾರ್ಯಕರ್ತರು ತಾವಾಗಿ ಬಾರದ ತರುಣರನ್ನೇ ಹುಡುಕಿಕೊಂಡು ಹೋಗುತ್ತಾರೆ. ಬಾಗಿಲು ಮುಚ್ಚಿದರೆ ನಾಳೆ ಬಂದು ಮತ್ತೆ ತಟ್ಟುತ್ತಾರೆ. ಎರಡು ವರ್ಷ ನಿಕಟವಾದ ಕೆಲಸ, ಮತ್ತೆರಡು ವರ್ಷ ದೂರದ ಆಸರೆ. ಘಟನೆಯೊಂದು ನಡೆದಾಗ ಮನಸ್ಸಿನಲ್ಲಿ ಏಳುವ ಆಲೋಚನೆ, ಅದರಿಂದ ಹುಟ್ಟುವ ಕೋಪ ಅಥವಾ ಭಯ, ಅದರಿಂದ ಆಗುವ ಕೃತ್ಯ, ಈ ಮೂರರ ಸರಪಳಿಯನ್ನು ಗುರುತಿಸಿ ನಡುವೆ ತಡೆಯಲು ಕಲಿಸುವುದು ಏರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯ ತಿರುಳು. ಇದನ್ನು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಜ್ಞರ ನೆರವಿನಿಂದ ಸುಲಭಗೊಳಿಸಿ, ವೈದ್ಯರಲ್ಲದ ಕಾರ್ಯಕರ್ತರು ಮೋಟಾರಿನಲ್ಲಿ, ಮನೆಯ ಮೆಟ್ಟಿಲ ಮೇಲೆ, ಬೀದಿಯ ಮೂಲೆಯಲ್ಲಿ ಕಲಿಸುವಂತೆ ಮಾಡಿದರು. ಕ್ಯಾಬಟನು ಆಸ್ಪತ್ರೆಗೆ ಸಮಾಜಕಾರ್ಯಕರ್ತೆಯನ್ನು ಕರೆತಂದುದೂ ಇದೇ ಆಸ್ಪತ್ರೆಗೆ. ತರುಣನು ಮತ್ತೊಮ್ಮೆ ತಪ್ಪಿದರೆ ಅವನನ್ನು ಕೈಬಿಡುವುದಿಲ್ಲ. ತಪ್ಪುವುದನ್ನೂ ಗುಣವಾಗುವುದರ ಒಂದು ಹಂತವೆಂದು ಬರೆದುಕೊಂಡು ಮುಂದೆ ಹೋಗುತ್ತಾರೆ.

2014ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ಸರಕಾರವು ಈ ಸಂಸ್ಥೆಯೊಡನೆ ಒಂದು ವಿಲಕ್ಷಣ ಒಪ್ಪಂದ ಮಾಡಿಕೊಂಡಿತು. ಬೋಸ್ಟನ್, ಚೆಲ್ಸಿ, ಸ್ಪ್ರಿಂಗ್‌ಫೀಲ್ಡ್ ಪ್ರದೇಶಗಳ 17ರಿಂದ 23ರ ವಯಸ್ಸಿನ 929 ತರುಣರು ಅದರ ವ್ಯಾಪ್ತಿಗೆ ಸೇರಿದವರು. ಬಂಡವಾಳವನ್ನು ಗೋಲ್ಡ್‌ಮನ್ ಸ್ಯಾಕ್ಸ್ ಮೊದಲಾದ ಸಂಸ್ಥೆಗಳು ಒದಗಿಸಬೇಕು. ಆ ತರುಣರು ಸೆರೆಯಲ್ಲಿ ಕಳೆಯುವ ದಿನಗಳು, ಅವರಂತೆಯೇ ಇದ್ದು ಈ ನೆರವು ಪಡೆಯದವರಿಗಿಂತ ಎಷ್ಟು ಕಡಿಮೆಯಾದುವೆಂಬುದನ್ನು ಮುಖ್ಯವಾಗಿ ನೋಡಿ ಸರಕಾರ ಹಣ ಕೊಡುವುದು, ಹೆಚ್ಚೆಂದರೆ 2.7 ಕೋಟಿ ಡಾಲರ್. ಇಲ್ಲವಾದರೆ ನಷ್ಟ ಹಣ ಹಾಕಿದವರದು. ಕೃತಜ್ಞತೆಯ ಮಾತಿಗೆ ಈ ಲೆಕ್ಕದಲ್ಲಿ ಅಂಕಣವಿರಲಿಲ್ಲ. ಮುಖ್ಯವಾಗಿ ಎಣಿಸತಕ್ಕದ್ದು ಸೆರೆಯ ದಿನಗಳನ್ನು, ಅದೂ ಹೋಲಿಕೆಯ ಗುಂಪನ್ನು ಪಕ್ಕದಲ್ಲಿಟ್ಟುಕೊಂಡು. ರೋಕಾ ಕೂಡ ತನ್ನ ಶುಲ್ಕದಲ್ಲಿ ಶೇಕಡಾ 15 ಭಾಗವನ್ನು ಫಲ ತಿಳಿಯುವವರೆಗೆ ತೆಗೆದುಕೊಳ್ಳದೆ ಬಿಡಲು ಒಪ್ಪಿ, ಆ 929 ಜನರಿಗೆ ಅಷ್ಟರಮಟ್ಟಿಗೆ ತಾನೇ ಜಾಮೀನಾಗಿ ನಿಂತಿತು.